ಟೊಮೆಟೊ ಮಂಡಿ ಲೆಕ್ಕಕ್ಕೆ ಜ್ಯಾಂಗೋ: ಹಾಕುವುದು, ಕೇಳುವುದು, ಕಟ್ಟಿ ಕೊಡುವುದು

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ನಮ್ಮ ಮಾವನದೊಂದು ಟೊಮೆಟೊ ಮಂಡಿ ಇದೆ. ದೊಡ್ಡ ಮಂಡಿ ಅಲ್ಲ. ಸೀಸನ್‌ನಲ್ಲಿ ದಿನಕ್ಕೆ ಐವತ್ತು ಅರವತ್ತು ಲಾಟ್ ಬೀಳುತ್ತವೆ. ಹರಾಜು ಮುಗಿದ ಮೇಲೆ ಪ್ರತಿ ರೈತರ ಕೈಗೂ ಒಂದು ಚೀಟಿ ಹೋಗಬೇಕು. ಎಷ್ಟು ಬಾಕ್ಸ್, ಏನು ರೇಟು, ಗಾಡಿ ಬಾಡಿಗೆ ಎಷ್ಟು ಹಿಡಿದಿದೆ, ಮುಂಗಡ ಎಷ್ಟಿತ್ತು, ಕೊನೆಗೆ ಕೈಗೆ ಎಷ್ಟು. ಈ ಚೀಟಿಯನ್ನು ಮಾವ ವರ್ಷಗಟ್ಟಲೆ ಕೈಯಲ್ಲೇ ಬರೆದರು. ಕಣ್ಣಿನ ಆಪರೇಷನ್ ಆದಮೇಲೆ ನನ್ನನ್ನು ಕರೆದು, "ಕಂಪ್ಯೂಟರ್ ಓದಿದೀಯಲ್ಲಮ್ಮಾ, ಇದಕ್ಕೊಂದು ದಾರಿ ಮಾಡಿಕೊಡು" ಅಂದರು.

ಆ ದಾರಿಯನ್ನು ನಾನು ಜ್ಯಾಂಗೋದಲ್ಲಿ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ತಂತ್ರಾಂಶ ಕಟ್ಟುವ ಒಂದು ಸಿದ್ಧ ಚೌಕಟ್ಟಿನಲ್ಲಿ, ಮಾಡಿದೆ. ಈಗ ಅದು ಮಾವನ ಅಂಗಡಿಯಲ್ಲೂ, ಚಿಂತಾಮಣಿಯಲ್ಲಿ ಚಿಕ್ಕಪ್ಪನ ಮಗ ಇಟ್ಟಿರುವ ಮಂಡಿಯಲ್ಲೂ ಓಡುತ್ತಿದೆ. ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಮೊದಲಿನಿಂದ ಹೇಳುತ್ತೇನೆ. ನಿಮ್ಮದು ಟೊಮೆಟೊ ಆಗಬೇಕಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಲೆಕ್ಕ, ತಿಪಟೂರಿನ ಕೊಬ್ಬರಿ ಲೆಕ್ಕ, ಊರಿನ ಹಾಲಿನ ಡೇರಿ ಲೆಕ್ಕ, ಯಾವುದಕ್ಕಾದರೂ ಇದೇ ಕೆಲಸ.

ಒಂದು ಮಾತು. ಕಮಾಂಡ್‌ಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಚಿಂತಾಮಣಿಯ ತಮ್ಮನಿಗೆ ಫೋನಿನಲ್ಲಿ ಹೇಳಿಕೊಟ್ಟ ಹಾಗೇ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ. ಜ್ಯಾಂಗೋ ಅಂತ ಬರೆಯುವಾಗ ಮೊದಲು ಡಿ ಅಕ್ಷರ ಬರುತ್ತದೆ, ಬಾಯಲ್ಲಿ ಮಾತ್ರ ಅದು ಬರುವುದಿಲ್ಲ. ತಮ್ಮ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ.

ಮೊದಲು ಹಾಕಿಕೊಳ್ಳುವುದು

ಜ್ಯಾಂಗೋ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನ ಒಂದು ದಿನಪತ್ರಿಕೆ ಆಫೀಸಿನಲ್ಲಿ ಹುಟ್ಟಿದ್ದು. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪತ್ರಿಕೆಯವರಿಗೆ ಸಂಜೆಯೊಳಗೆ ಕೆಲಸ ಮುಗಿಯಬೇಕು, ಅಲ್ವಾ? ಆ ಅವಸರದ ಗುಣ ಇವತ್ತಿಗೂ ಇದರಲ್ಲಿ ಉಳಿದಿದೆ. ಡೇಟಾಬೇಸ್ ಜೊತೆ ಮಾತಾಡುವ ಭಾಗ, ಲಾಗಿನ್, ದಾಖಲೆ ತುಂಬುವ ಅಡ್ಮಿನ್ ಪುಟ, ಎಲ್ಲ ಒಟ್ಟಿಗೇ ಬರುತ್ತವೆ. ಮಂಡಿಯಂಥ ಕೆಲಸಕ್ಕೆ ನಾನು ಇದನ್ನು ಆರಿಸಿದ್ದು ಅಡ್ಮಿನ್ ಪುಟಕ್ಕಾಗಿಯೇ.

ಯಾವ ಆವೃತ್ತಿ ಹಾಕಬೇಕು? ನಾನು 5.2 ಹಾಕಿದೆ. ಇದು 2025ರ ಏಪ್ರಿಲ್‌ನಲ್ಲಿ ಬಂದ ದೀರ್ಘಾವಧಿ ಆವೃತ್ತಿ. 2028ರ ಏಪ್ರಿಲ್‌ವರೆಗೆ ಇದಕ್ಕೆ ಭದ್ರತೆಯ ತಿದ್ದುಪಡಿ ಸಿಗುತ್ತದೆ. ಮಂಡಿಯ ಕಂಪ್ಯೂಟರನ್ನು ಆರಾರು ತಿಂಗಳಿಗೆ ಬಿಚ್ಚಿ ಕೂರಲು ಆಗುವುದಿಲ್ಲ. ಇದಕ್ಕೆ ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಬೇಕು.

ವಿಂಡೋಸ್‌ನಲ್ಲಿ ಪೈಥಾನ್ ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ ಪಾತ್‌ಗೆ ಸೇರಿಸಲೇ ಅಂತ ಕೇಳುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಮರೆತರೆ ಆಮೇಲೆ ಪೈಥಾನ್ ಅಂತ ಕೂಗಿದರೂ ಕಂಪ್ಯೂಟರ್ ಓಗೊಡುವುದಿಲ್ಲ. ಉಬುಂಟುನಲ್ಲಿ ಪೈಥಾನ್ ಇದ್ದೇ ಇರುತ್ತದೆ, ಆದರೆ ವೆಂವ್ (ವಿ ಇ ಎನ್ ವಿ, ವರ್ಚುವಲ್ ಎನ್ವಿರಾನ್‌ಮೆಂಟ್) ಭಾಗವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಉಬುಂಟುವಿನ ಈಚಿನ ಆವೃತ್ತಿಗಳಲ್ಲಿ ನೇರವಾಗಿ ಪಿಪ್ (ಪೈಥಾನ್ ಪ್ಯಾಕೇಜ್ ಇಳಿಸಿ ಹಾಕುವ ಉಪಕರಣ) ಇನ್‌ಸ್ಟಾಲ್ ಮಾಡಲು ಹೋದರೆ ಅದೇ ತಡೆಯುತ್ತದೆ. ತಡೆಯುವುದು ಒಳ್ಳೆಯದೇ.

ಈಗ ಒಂದು ಫೋಲ್ಡರ್ ಮಾಡಿ. ಅದರೊಳಗೆ 'ಪೈಥಾನ್ ಹೈಫನ್ ಎಂ ವೆಂವ್ ವೆಂವ್' ಅಂತ ಕೊಡಿ. ಉಬುಂಟುನಲ್ಲಿ ಪೈಥಾನ್ ಬದಲು ಪೈಥಾನ್3 ಅಂತ ಕೊಡಿ. ಮೊದಲ ವೆಂವ್ ಉಪಕರಣದ ಹೆಸರು, ಎರಡನೆಯದು ಹುಟ್ಟುವ ಫೋಲ್ಡರ್ ಹೆಸರು. ಇದು ನಿಮ್ಮ ಕೆಲಸಕ್ಕೆ ಮಾತ್ರ ಅಂತ ಕಟ್ಟಿಕೊಂಡ ಪ್ರತ್ಯೇಕ ಅಡುಗೆಮನೆ. ವಿಂಡೋಸ್‌ನಲ್ಲಿ ಅದರ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿನ ಆಕ್ಟಿವೇಟ್ ಓಡಿಸಿ, ಲಿನಕ್ಸ್‌ನಲ್ಲಿ ಬಿನ್ ಫೋಲ್ಡರಿನ ಆಕ್ಟಿವೇಟನ್ನು ಸೋರ್ಸ್ ಮಾಡಿ. ಸಾಲಿನ ಮುಂದೆ ಬ್ರಾಕೆಟ್‌ನಲ್ಲಿ ವೆಂವ್ ಅಂತ ಕಂಡರೆ ಒಳಗೆ ಬಂದಿದ್ದೀರಿ. ಆಮೇಲೆ 'ಪಿಪ್ ಇನ್‌ಸ್ಟಾಲ್ ಜ್ಯಾಂಗೋ', ಪಕ್ಕದಲ್ಲೇ ಎರಡು ಸಮ ಚಿಹ್ನೆ ಹಾಕಿ 5.2 ಸಾಲಿನ ಕೊನೆಯ ಆವೃತ್ತಿಯ ಸಂಖ್ಯೆ.

'ಜ್ಯಾಂಗೋ ಹೈಫನ್ ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಅಂಗಡಿ ಚುಕ್ಕೆ' ಕೊಟ್ಟರೆ ಪ್ರಾಜೆಕ್ಟ್ ಎದ್ದು ನಿಲ್ಲುತ್ತದೆ. ಕೊನೆಯ ಚುಕ್ಕೆ ಮರೆಯಬೇಡಿ, ಮರೆತರೆ ಫೋಲ್ಡರಿನೊಳಗೆ ಫೋಲ್ಡರ್ ಆಗುತ್ತದೆ. ಬಳಿಕ 'ಪೈಥಾನ್ ಮ್ಯಾನೇಜ್ ಡಾಟ್ ಪೈ ಸ್ಟಾರ್ಟ್‌ಆಪ್ ಮಂಡಿಲೆಕ್ಕ'. ಅಂಗಡಿ ಅನ್ನುವುದು ಈ ಜಾಗದ ಸೆಟ್ಟಿಂಗ್. ಮಂಡಿಲೆಕ್ಕ ಅನ್ನುವುದು ಎಲ್ಲಿಗಾದರೂ ಹೊತ್ತೊಯ್ಯಬಹುದಾದ ಕೆಲಸ. ಈ ಎರಡನ್ನು ಮೊದಲ ದಿನದಿಂದಲೇ ಬೇರೆ ಇಡಿ. ಚಿಂತಾಮಣಿಗೆ ಹೊರಟಾಗ ನನ್ನನ್ನು ಉಳಿಸಿದ್ದು ಇದೇ.

ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯ ಕೋಡ್ ಜಾಗಕ್ಕೆ ಕೆ ಮತ್ತು ಎನ್ ಅಕ್ಷರ ಹಾಕಿ, ಸಮಯದ ವಲಯಕ್ಕೆ ಏಷ್ಯಾ ಕೋಲ್ಕತಾ ಹಾಕಿ. ಅಡ್ಮಿನ್ ಪುಟದ ಹಲವು ಗುಂಡಿಗಳು ಕನ್ನಡದಲ್ಲಿ ಬರುತ್ತವೆ. ಎಲ್ಲವೂ ಅಲ್ಲ, ಅನುವಾದ ಇನ್ನೂ ಪೂರ್ತಿ ಆಗಿಲ್ಲ. ಆದರೂ ಮಾವನಿಗೆ ಆ ಕನ್ನಡ ಅಕ್ಷರ ಕಂಡ ಮೇಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರಬೇಕು ಅನ್ನಿಸಿದ್ದು.

ಕೋಷ್ಟಕ ಕಟ್ಟುವುದು

ಮಾಡೆಲ್ಸ್ ಕಡತದಲ್ಲಿ ನಾನು ನಾಲ್ಕು ಕ್ಲಾಸ್ ಬರೆದೆ, ಒಂದೊಂದೂ ಡೇಟಾಬೇಸ್‌ನ ಒಂದು ಕೋಷ್ಟಕ: ರೈತ, ಖರೀದಿದಾರ, ಲಾಟ್, ಕಡಿತ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಹೆಸರು ನಮ್ಮವೇ. ಮಂಡಿಯಲ್ಲಿ ಕೂತವರು ಏನು ಹೇಳುತ್ತಾರೋ ಅದೇ ಕೋಡ್‌ನಲ್ಲಿ ಇದ್ದರೆ ತಪ್ಪು ಹುಡುಕುವಾಗ ತಲೆ ಎರಡು ಕಡೆ ಓಡುವುದಿಲ್ಲ.

ಲಾಟ್‌ನಲ್ಲಿ ದಿನಾಂಕ, ರೈತ, ಖರೀದಿದಾರ, ಬಾಕ್ಸ್ ಸಂಖ್ಯೆ, ಬಾಕ್ಸಿಗೆ ರೇಟು. ಕೋಲಾರದಲ್ಲಿ ಬಾಕ್ಸ್ ಅಂದರೆ 15 ಕೆಜಿ. ಬಾಕ್ಸ್ ಪೂರ್ಣ ಸಂಖ್ಯೆ. ರೇಟು ಡೆಸಿಮಲ್‌ಫೀಲ್ಡ್. ಹಣಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಬೇಡವೇ ಬೇಡ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ, ಬಾಲದಲ್ಲಿ ಒಂದು ಚೂರು ಅಂಟಿಕೊಂಡಿರುತ್ತದೆ. ರೈತರ ದುಡ್ಡಿನಲ್ಲಿ ಆ ಚೂರಿಗೆ ಜಾಗ ಇಲ್ಲ.

ಡೆಸಿಮಲ್‌ಫೀಲ್ಡ್‌ಗೆ ಒಟ್ಟು ಎಷ್ಟು ಅಂಕಿ, ಚುಕ್ಕೆಯ ಆಚೆ ಎಷ್ಟು ಅಂಕಿ ಅಂತ ಹೇಳಬೇಕು. ಇಲ್ಲಿ ಕೈ ಬಿಗಿ ಮಾಡಬೇಡಿ. ಬಾಕ್ಸಿಗೆ ಮುನ್ನೂರು ನಾನೂರು ತಾನೇ ಅಂತ ಒಟ್ಟು 5, ಆಚೆ 2 ಅಂತ ಕೊಟ್ಟರೆ 999.99ರ ಮೇಲೆ ಹೋಗಲು ಆಗುವುದಿಲ್ಲ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ 2000 ರೂಪಾಯಿ ದಾಟಿತ್ತು. ಅಂಥ ಬೆಳಿಗ್ಗೆ ರೇಟು ತುಂಬಿಸಲು ಬಿಡದ ಕಂಪ್ಯೂಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನು ಒಟ್ಟು 10 ಅಂಕಿ ಕೊಟ್ಟೆ.

ಲಾಟ್‌ನಿಂದ ರೈತನ ಕಡೆಗೆ ಫಾರಿನ್‌ಕೀ (ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ) ಹಾಕುವಾಗ 'ಆನ್ ಡಿಲೀಟ್' ಜಾಗಕ್ಕೆ ಕ್ಯಾಸ್ಕೇಡ್ ಅಂತ ಹಾಕುವುದು ಎಲ್ಲ ಪಾಠಗಳಲ್ಲೂ ಇದೆ. ಅದರರ್ಥ, ರೈತನ ಹೆಸರು ಅಳಿಸಿದರೆ ಅವನ ಲಾಟ್‌ಗಳೆಲ್ಲ ಅಳಿಸಿಹೋಗುತ್ತವೆ. ಲೆಕ್ಕದ ಪುಸ್ತಕದಲ್ಲಿ ಹೀಗೆ ಆಗಬಾರದು. ಪ್ರೊಟೆಕ್ಟ್ ಅಂತ ಹಾಕಿ. ಲಾಟ್ ಇರುವ ತನಕ ರೈತನ ಹೆಸರು ಅಳಿಸಲು ಅದು ಬಿಡುವುದಿಲ್ಲ.

ಮಾಡೆಲ್ ಬರೆದಾದ ಮೇಲೆ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆಪ್ಸ್‌ಗೆ ಮಂಡಿಲೆಕ್ಕ ಸೇರಿಸಿ, ಬಳಿಕ 'ಮೇಕ್‌ಮೈಗ್ರೇಷನ್ಸ್', ಆಮೇಲೆ 'ಮೈಗ್ರೇಟ್'. ಮೊದಲನೆಯದು ಏನು ಬದಲಾಗಬೇಕು ಅಂತ ಒಂದು ಕಡತ ಬರೆದಿಡುತ್ತದೆ. ಎರಡನೆಯದು ಅದನ್ನು ಡೇಟಾಬೇಸ್‌ನಲ್ಲಿ ಮಾಡುತ್ತದೆ. ಮೊದಲನೆಯದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಮಾಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಎರಡನೆಯದು ಮಾತ್ರ. ಎರಡು ಕಡೆಯೂ ಮೈಗ್ರೇಷನ್ ಹುಟ್ಟಿಸಿದರೆ ಎರಡು ಊರಿನ ಡೇಟಾಬೇಸ್ ಎರಡು ದಾರಿ ಹಿಡಿಯುತ್ತವೆ.

ಒಂದೇ ಹೆಸರು ಮೂರು ಸಲ

ಎರಡನೇ ವಾರ ಮಾವ ತೋರಿಸಿದರು. ರೈತರ ಪಟ್ಟಿಯಲ್ಲಿ ಹೊಳೂರಿನ ಒಬ್ಬರೇ ರೈತರು ಮೂರು ಸಲ ಇದ್ದಾರೆ. ಹೆಸರಿನ ಅಕ್ಷರ ಅಕ್ಷರ ಹೋಲಿಸಿದೆ, ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಹುಡುಕಿದರೆ ಒಂದು ಸಲ ಒಬ್ಬರು ಸಿಗುತ್ತಾರೆ, ಇನ್ನೊಂದು ಸಲ ಇನ್ನೊಬ್ಬರು. ಕನ್ನಡದಲ್ಲಿ ಡೇಟಾ ತುಂಬುವವರೆಲ್ಲ ಇದನ್ನು ತಿಳಿದಿರಬೇಕು. ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ.

ಹೊಳೂರು ಅನ್ನುವುದರ 'ಹೊ' ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಇಡುವ ಪದ್ಧತಿ) ಇದನ್ನು ಎರಡು ರೀತಿ ಬರೆಯಬಹುದು. ಹ ಆದಮೇಲೆ ಒತ್ವದ ಒಂದೇ ಚಿಹ್ನೆ. ಇಲ್ಲವೇ ಹ, ಆಮೇಲೆ ಎತ್ವ, ಆಮೇಲೆ ಊತ್ವ, ಎರಡು ಚಿಹ್ನೆ ಸೇರಿಸಿ. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಎರಡು ಬೇರೆ ಬೇರೆ ಪದ. ಕಂಪ್ಯೂಟರಿನ ಕೀಬೋರ್ಡ್ ಒಂದು ರೀತಿ ಕೊಡುತ್ತದೆ, ಎಲ್ಲಿಂದಲೋ ನಕಲು ಮಾಡಿ ತಂದ ಪದ ಇನ್ನೊಂದು ರೀತಿ ಇರುತ್ತದೆ.

ಇನ್ನೊಂದು ತೊಂದರೆ ಕಾಣದ ಅಕ್ಷರದ್ದು. ವೇಮಗಲ್ ಅಂತ ಬರೆದು ಕೊನೆಯ ಲ್ ಹಾಗೇ ನಿಲ್ಲಲಿ ಅಂತ ಕೆಲವು ಕೀಬೋರ್ಡ್ ಹಿಂದೆ ಒಂದು ಅಗಲವಿಲ್ಲದ ಅಕ್ಷರ ಸೇರಿಸುತ್ತವೆ. ಮುಂದೆ ಇನ್ನೊಂದು ವ್ಯಂಜನ ಬಂದಾಗ ಒತ್ತಕ್ಷರ ಆಗದಿರಲಿ ಅಂತ ಅದು ಬೇಕು, ಪದದ ಕೊನೆಯಲ್ಲಿ ಬೇಡ. ಕೊನೆಯಲ್ಲಿ ಸುಮ್ನೆ ಕೂತಿದ್ದರೂ ಹೋಲಿಕೆ ಕೆಡಿಸುತ್ತದೆ. ಮೂರನೆಯದು ಮಾಮೂಲಿ, ಹೆಸರಿನ ನಡುವೆ ಎರಡು ಸ್ಪೇಸ್.

ಮೊದಲನೆಯದಕ್ಕೆ ಪೈಥಾನ್‌ನಲ್ಲೇ ಮದ್ದು ಇದೆ. ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್. ಅದಕ್ಕೆ ಎನ್‌ಎಫ್‌ಸಿ ಅಂತ ಹೇಳಿ ಹೆಸರು ಕೊಟ್ಟರೆ ಎರಡು ಚಿಹ್ನೆಯ 'ಹೊ' ಒಂದು ಚಿಹ್ನೆಯದಾಗಿ ವಾಪಸ್ ಬರುತ್ತದೆ. ಆದರೆ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದನ್ನು ಪದದ ಕೊನೆಯಿಂದ ನೀವೇ ತೆಗೆಯಬೇಕು. ಎಲ್ಲ ಕಡೆಯಿಂದ ತೆಗೆದುಬಿಟ್ಟರೆ ಕೆಲವು ಹೆಸರು ಪರದೆಯಲ್ಲಿ ಒತ್ತಕ್ಷರವಾಗಿ ಕೆಟ್ಟು ಕಾಣುತ್ತವೆ. ಅದಕ್ಕೆ ನಾನು ಎರಡು ಕಾಲಂ ಮಾಡಿದೆ. ತೋರಿಸುವ ಹೆಸರು ಒಂದು. ಎಲ್ಲ ಕಾಣದ ಅಕ್ಷರ, ಜಾಸ್ತಿ ಸ್ಪೇಸ್ ತೆಗೆದ 'ಹುಡುಕು ಹೆಸರು' ಇನ್ನೊಂದು. ಮಾಡೆಲ್‌ನ ಸೇವ್ ಒಳಗೆ ಎರಡನೆಯದು ತಾನಾಗಿ ತುಂಬುತ್ತದೆ. ಹುಡುಕು ಹೆಸರು, ಊರು, ಫೋನ್ ಮೂರೂ ಸೇರಿ ಎರಡನೇ ಸಲ ಬರಬಾರದು ಅಂತ ಯೂನಿಕ್‌ಕನ್‌ಸ್ಟ್ರೇಂಟ್ ಹಾಕಿದೆ. ಯಾರಾದರೂ ಹುಡುಕುವಾಗ ಟೈಪ್ ಮಾಡಿದ ಪದವನ್ನೂ ಅದೇ ಫಂಕ್ಷನ್ ಮೂಲಕ ಕಳಿಸಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ.

ಡೇಟಾಬೇಸನ್ನು ಕೇಳುವುದು

'ಪೈಥಾನ್ ಮ್ಯಾನೇಜ್ ಡಾಟ್ ಪೈ ಶೆಲ್' ಕೊಟ್ಟು ಕೂತರೆ ಡೇಟಾಬೇಸ್ ಜೊತೆ ನೇರ ಮಾತಾಡಬಹುದು. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

'ಲಾಟ್ ಡಾಟ್ ಆಬ್ಜೆಕ್ಟ್ಸ್ ಡಾಟ್ ಫಿಲ್ಟರ್' ಅಂತ ಬರೆದು ಬ್ರಾಕೆಟ್ಟಿನಲ್ಲಿ ದಿನಾಂಕ ಕೊಟ್ಟರೆ ಆ ದಿನದ ಲಾಟ್‌ಗಳು. ರೈತನ ಊರಿನ ಮೇಲೆ ಹುಡುಕಬೇಕಾದರೆ 'ರೈತ', ಎರಡು ಅಂಡರ್‌ಸ್ಕೋರ್, 'ಊರು'. ಆ ಎರಡು ಅಂಡರ್‌ಸ್ಕೋರ್ ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ದಾಟುವ ಸಂಕ. ಫಿಲ್ಟರ್ ಬರೆದ ತಕ್ಷಣ ಡೇಟಾಬೇಸ್‌ಗೆ ಏನೂ ಹೋಗುವುದಿಲ್ಲ. ನೀವು ಅದನ್ನು ಸುತ್ತಲು ಅಥವಾ ಮುದ್ರಿಸಲು ಶುರುಮಾಡಿದಾಗಲೇ ಹೋಗುವುದು. ಫಿಲ್ಟರ್ ಕೊಡುವ ಈ ಕ್ವೆರಿಸೆಟ್‌ನ ಕೊನೆಗೆ 'ಡಾಟ್ ಕ್ವೆರಿ' ಸೇರಿಸಿ ಪ್ರಿಂಟ್ ಮಾಡಿದರೆ ಹೋಗಲಿರುವ ಎಸ್‌ಕ್ಯೂಎಲ್ (ಡೇಟಾಬೇಸನ್ನು ಕೇಳುವ ಭಾಷೆ) ಕಾಣುತ್ತದೆ. ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಮೊದಲ ವಾರ ದಿನದ ಪಟ್ಟಿ ತೆರೆಯಲು ತುಂಬ ಹೊತ್ತು ಹಿಡಿಯುತ್ತಿತ್ತು. ಪುಟದಲ್ಲಿ ಪ್ರತಿ ಲಾಟ್‌ನ ಪಕ್ಕ ರೈತನ ಹೆಸರು, ಖರೀದಿದಾರನ ಹೆಸರು ತೋರಿಸುತ್ತಿದ್ದೆ. 60 ಲಾಟ್‌ಗೆ ಮೊದಲ ಪ್ರಶ್ನೆ ಒಂದು, ರೈತನ ಹೆಸರಿಗೆ 60, ಖರೀದಿದಾರನ ಹೆಸರಿಗೆ 60. ಒಟ್ಟು 121 ಸಲ ಡೇಟಾಬೇಸ್ ಬಾಗಿಲು ತಟ್ಟುತ್ತಿದ್ದೆ. 'ಸೆಲೆಕ್ಟ್ ರಿಲೇಟೆಡ್' ಅಂತ ಸೇರಿಸಿ ರೈತ, ಖರೀದಿದಾರ ಎರಡನ್ನೂ ಹೇಳಿದರೆ ಒಂದೇ ಪ್ರಶ್ನೆ. ಅಷ್ಟೇ.

ಈಗ ಮುಖ್ಯವಾದದ್ದು. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಚೀಟಿಗೆ ಎರಡು ಮೊತ್ತ ಬೇಕು. ರೈತನ ಲಾಟ್‌ಗಳ ಒಟ್ಟು, ಕಡಿತಗಳ ಒಟ್ಟು. ನಾನು ರೈತ ಕೋಷ್ಟಕ ಹಿಡಿದು, ಪ್ರತಿ ಸಾಲಿಗೂ ಲೆಕ್ಕ ಸೇರಿಸಿ ಕೊಡುವ ಒಂದೇ 'ಅನೋಟೇಟ್' ಒಳಗೆ ಎರಡು 'ಸಮ್' ಬರೆದೆ. ಬಾಕ್ಸನ್ನು ರೇಟಿನಿಂದ ಗುಣಿಸಿದ್ದರ ಸಮ್ ಒಂದು, ಕಡಿತದ ಮೊತ್ತದ ಸಮ್ ಇನ್ನೊಂದು. ಯಾವ ಎರರ್ ಕೂಡ ಬರಲಿಲ್ಲ. ಒಂದೇ ಲಾಟ್, ಒಂದೇ ಕಡಿತ ಇರುವ ರೈತರಿಗೆಲ್ಲ ಸರಿಯಾಗೇ ಬಂತು. ಮೊದಲ ನಾಲ್ಕು ದಿನ ಕಂಪ್ಯೂಟರಿನ ಚೀಟಿಯನ್ನೂ ಕೈಬರಹದ ಚೀಟಿಯನ್ನೂ ಜೊತೆಯಲ್ಲಿಟ್ಟು ನೋಡೋಣ ಅಂತ ಮಾವ ಹಟ ಹಿಡಿದಿದ್ದರು. ಮೂರನೇ ದಿನ ಒಂದು ಚೀಟಿ ಹಿಡಿದು, "ಇದೇನಮ್ಮಾ, ಹದಿನೆಂಟು ಸಾವಿರ ಕೊಡಬೇಕಾದ ಕಡೆ ಮೂವತ್ಮೂರು ಅಂತಿದೆ" ಅಂದರು.

ಆ ಚೀಟಿಯ ಲೆಕ್ಕ ಹೀಗಿತ್ತು. ಲಾಟ್ ಮೂರು: 40 ಬಾಕ್ಸ್ 300ರಂತೆ 12000, 25 ಬಾಕ್ಸ್ 280ರಂತೆ 7000, ಕೊನೆಯ ಸಣ್ಣ ಕಾಯಿ 10 ಬಾಕ್ಸ್ 200ರಂತೆ 2000. ಒಟ್ಟು 21000. ಕಡಿತ ಎರಡು: ಗಾಡಿ ಬಾಡಿಗೆ 900, ಮುಂಗಡ 2000. ಒಟ್ಟು 2900. ಕೈಗೆ 18100. ಕಂಪ್ಯೂಟರ್ ಹೇಳಿದ್ದು ಲಾಟ್ 42000, ಕಡಿತ 8700, ಕೈಗೆ 33300.

ಯಾಕೆ ಹೀಗಾಯಿತು? ಎರಡು ಕೋಷ್ಟಕಗಳನ್ನು ಒಂದೇ ಪ್ರಶ್ನೆಯಲ್ಲಿ ಜೋಡಿಸಿದಾಗ ಡೇಟಾಬೇಸ್ ಪ್ರತಿ ಲಾಟನ್ನೂ ಪ್ರತಿ ಕಡಿತದ ಪಕ್ಕ ನಿಲ್ಲಿಸುತ್ತದೆ. ಮೂರು ಲಾಟ್, ಎರಡು ಕಡಿತ, ಆರು ಸಾಲು. ಆಮೇಲೆ ಕೂಡುತ್ತದೆ. ಹಾಗಾಗಿ ಲಾಟ್ ಎರಡೆರಡು ಸಲ, ಕಡಿತ ಮೂರು ಮೂರು ಸಲ ಸೇರುತ್ತದೆ. ಇದನ್ನು ಜ್ಯಾಂಗೋದ ಕೈಪಿಡಿಯಲ್ಲೇ ಬರೆದು ಎಚ್ಚರಿಸಿದ್ದಾರೆ. ನಾನು ಆ ಪುಟ ಓದಿದ್ದು ಚೀಟಿ ನೋಡಿದ ಮೇಲೆ.

ಸಮ್ ಒಳಗೆ 'ಡಿಸ್ಟಿಂಕ್ಟ್' ಹಾಕಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಕಬೇಡಿ. ಅದು ಒಂದೇ ಮೊತ್ತ ಎರಡು ಸಲ ಬಂದರೆ ಒಂದನ್ನು ಬಿಡುತ್ತದೆ. ಒಬ್ಬ ರೈತ 20 ಬಾಕ್ಸ್ 350ರಂತೆ ಎರಡು ಲಾಟ್ ಮಾರಿದ್ದರೆ ಅವನಿಗೆ 7000 ರೂಪಾಯಿ ಹೋಯಿತು.

ಸರಿಯಾದ ದಾರಿ ಎರಡು. ಸುಲಭದ್ದು, ಎರಡು ಬೇರೆ ಪ್ರಶ್ನೆ ಕೇಳುವುದು. ಲಾಟ್‌ಗಳನ್ನು ರೈತನ ಪ್ರಕಾರ ಗುಂಪು ಮಾಡಿ ಮೊತ್ತ ತೆಗೆಯುವುದು, ಕಡಿತಗಳನ್ನೂ ಹಾಗೇ ತೆಗೆಯುವುದು, ಪೈಥಾನ್‌ನಲ್ಲಿ ರೈತನ ಐಡಿ ಹಿಡಿದು ಸೇರಿಸುವುದು. 60 ಲಾಟ್‌ನ ಅಂಗಡಿಗೆ ಇಷ್ಟು ಸಾಕು. ಇನ್ನೊಂದು 'ಸಬ್‌ಕ್ವೆರಿ', ಪ್ರಶ್ನೆಯೊಳಗೊಂದು ಪ್ರಶ್ನೆ. ಲಾಟ್ ಮೇಲೆ ಫಿಲ್ಟರ್ ಹಾಕಿ, ರೈತ ಅನ್ನುವ ಜಾಗಕ್ಕೆ 'ಔಟರ್‌ರೆಫ್' ಕೊಟ್ಟು ಅದರೊಳಗೆ ಪಿಕೆ (ರೈತನ ಐಡಿ) ಅಂತ ಹೇಳಿ. 'ವ್ಯಾಲ್ಯೂಸ್' ಒಳಗೆ ರೈತ, ಆಮೇಲೆ ಅನೋಟೇಟ್ ಮಾಡಿ ಮೊತ್ತ, ಕೊನೆಗೆ ಮತ್ತೆ 'ವ್ಯಾಲ್ಯೂಸ್' ಒಳಗೆ ಮೊತ್ತ ಮಾತ್ರ. ಕಡಿತಕ್ಕೂ ಇಂಥದ್ದೇ ಒಂದು. ಇವೆರಡನ್ನೂ ರೈತನಿಗೆ ಅನೋಟೇಟ್ ಮಾಡಿದರೆ ಎರಡು ಮೊತ್ತವೂ ತಮ್ಮ ತಮ್ಮ ಮನೆಯಲ್ಲೇ ಕೂಡಿ ಬರುತ್ತವೆ.

ಸಬ್‌ಕ್ವೆರಿಯಲ್ಲಿ ಒಂದು ಮುಳ್ಳಿದೆ. ಕಡಿತವೇ ಇಲ್ಲದ ರೈತನಿಗೆ ಅದು ಸೊನ್ನೆ ಕೊಡುವುದಿಲ್ಲ, ಏನೂ ಇಲ್ಲ ಅನ್ನುತ್ತದೆ. 21000ದಲ್ಲಿ 'ಏನೂ ಇಲ್ಲ' ಕಳೆದರೆ ಡೇಟಾಬೇಸ್ ಉತ್ತರವೂ 'ಏನೂ ಇಲ್ಲ'. ಮುಂಗಡ ತೆಗೆಯದೆ, ಸ್ವಂತ ಗಾಡಿಯಲ್ಲಿ ಮಾಲು ತಂದ ರೈತನ ಚೀಟಿಯೇ ಖಾಲಿ ಬರುತ್ತದೆ! ಸಬ್‌ಕ್ವೆರಿಯನ್ನು 'ಕೋಅಲೆಸ್' ಒಳಗೆ ಸುತ್ತಿ, ಇಲ್ಲದಿದ್ದರೆ ಡೆಸಿಮಲ್ ಸೊನ್ನೆ ಅಂತ ಹೇಳಿ.

ಆ ಹದಿನೆಂಟು ಸಾವಿರದ ಚೀಟಿಯನ್ನೇ ನಾನು ಕೋಡ್‌ನಲ್ಲಿ ಒಂದು ಟೆಸ್ಟ್ ಆಗಿ ಬರೆದಿಟ್ಟಿದ್ದೇನೆ. ಮೂರು ಲಾಟ್, ಎರಡು ಕಡಿತ, ಉತ್ತರ 18100. ಕೋಡ್‌ನಲ್ಲಿ ಏನು ಮುಟ್ಟಿದರೂ ಮೊದಲು 'ಮ್ಯಾನೇಜ್ ಡಾಟ್ ಪೈ ಟೆಸ್ಟ್' ಓಡಿಸುತ್ತೇನೆ.

ಎಸ್‌ಕ್ಯೂಲೈಟ್ ಸಾಕೇ?

ಜ್ಯಾಂಗೋ ಹಾಕಿದಾಗ ಎಸ್‌ಕ್ಯೂಲೈಟ್ ತಾನಾಗಿ ಬರುತ್ತದೆ. ಇಡೀ ಡೇಟಾಬೇಸ್ ಒಂದೇ ಕಡತ. ಒಬ್ಬರೇ ತುಂಬುವ ಅಂಗಡಿಗೆ ಸಾಕು. ಇಬ್ಬರು ಒಟ್ಟಿಗೆ ತುಂಬಲು ಶುರುಮಾಡಿದಾಗ ಡೇಟಾಬೇಸ್ ಲಾಕ್ ಆಗಿದೆ ಅನ್ನುವ ಎರರ್ ಬರಬಹುದು, ಯಾಕೆಂದರೆ ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಸೆಟ್ಟಿಂಗ್ಸ್‌ನ ಆಪ್ಷನ್ಸ್‌ನಲ್ಲಿ ಜರ್ನಲ್ ಮೋಡನ್ನು 'ವಾಲ್' ಮಾಡಿ, ಟ್ರಾನ್ಸಾಕ್ಷನ್ ಮೋಡನ್ನು 'ಇಮೀಡಿಯೆಟ್' ಮಾಡಿದರೆ ಎಷ್ಟೋ ತಗ್ಗುತ್ತದೆ. ಜ್ಯಾಂಗೋ 5.1ರಿಂದ ಇದನ್ನು ಸೆಟ್ಟಿಂಗ್ಸ್‌ನಲ್ಲೇ ಹೇಳಬಹುದು.

ಮಾವನ ಅಂಗಡಿಯಲ್ಲಿ ಮೂರು ಜನ ತುಂಬುತ್ತಾರೆ. ಅಲ್ಲದೆ ಎಸ್‌ಕ್ಯೂಲೈಟ್‌ನಲ್ಲಿ ನಿಜವಾದ ಡೆಸಿಮಲ್ ಬಗೆ ಇಲ್ಲ, ಒಳಗೆ ಅದು ಫ್ಲೋಟ್ ಆಗೇ ಕೂರುತ್ತದೆ. ಅದಕ್ಕೇ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೆ ಹೋದೆ. 'ಪಿಪ್ ಇನ್‌ಸ್ಟಾಲ್ ಸೈಕೋಪಿಜಿ', ಚೌಕ ಬ್ರಾಕೆಟ್ಟಿನಲ್ಲಿ ಬೈನರಿ. ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಈ ಸೈಕೋಪಿಜಿ ಕೂಡ ಮೊದಲಲ್ಲಿ ಪಿ ಅಕ್ಷರದ್ದು. ಸೆಟ್ಟಿಂಗ್ಸ್‌ನಲ್ಲಿ ಎಂಜಿನ್ ಹೆಸರು, ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್ ಬದಲಿಸಿದರೆ ಕ್ವೆರಿ ಯಾವುದನ್ನೂ ಮುಟ್ಟಬೇಕಿಲ್ಲ.

ಹಳೆಯ ಡೇಟಾ ಸಾಗಿಸಲು 'ಡಂಪ್‌ಡೇಟಾ', ಆಮೇಲೆ 'ಲೋಡ್‌ಡೇಟಾ'. ವಿಂಡೋಸ್‌ನಲ್ಲಿ ಡಂಪ್ ಮಾಡುವಾಗ 'ಪೈಥಾನ್' ಆದಮೇಲೆ 'ಹೈಫನ್ ದೊಡ್ಡ ಎಕ್ಸ್ ಯುಟಿಎಫ್8' ಅಂತ ಹಾಕಿ, ಕಡತದ ಹೆಸರನ್ನು 'ಹೈಫನ್ ಓ' ಇಟ್ಟು ಕೊಡಿ. ಹಾಗೆ ಮಾಡದಿದ್ದರೆ ಕನ್ನಡ ಹೆಸರು ಬಂದ ಜಾಗದಲ್ಲಿ ಎನ್‌ಕೋಡ್ ಎರರ್ ಬಂದು ನಿಂತುಬಿಡುತ್ತದೆ. ಕಂಟೆಂಟ್‌ಟೈಪ್ಸ್ ಮತ್ತು ಆಥ್ ಪರ್ಮಿಷನ್ ಎರಡನ್ನೂ ಎಕ್ಸ್‌ಕ್ಲೂಡ್ ಮಾಡಿ, 'ನ್ಯಾಚುರಲ್ ಫಾರಿನ್' ಅನ್ನುವುದನ್ನೂ ಸೇರಿಸಿ. ಅವನ್ನು ಹೊಸ ಡೇಟಾಬೇಸ್ ಮೈಗ್ರೇಟ್ ಆದಾಗ ತಾನೇ ಮಾಡಿಕೊಂಡಿರುತ್ತದೆ.

ಪೆನ್‌ಡ್ರೈವ್‌ನಲ್ಲಿ ಚಿಂತಾಮಣಿಗೆ

ತಮ್ಮನ ಅಂಗಡಿಯಲ್ಲಿ ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲ. ಫೋಲ್ಡರನ್ನೇ ಹಾಗೇ ನಕಲು ಮಾಡಿ ಕೊಟ್ಟರೆ ಆಯಿತಲ್ಲ ಅಂತ ನೀವು ಕೇಳಬಹುದು. ಮೊದಲ ಸಲ ನಾನೂ ಹಾಗೇ ಕೊಟ್ಟೆ. ಒಂದು ತಿಂಗಳಲ್ಲಿ ಅವನು ಅಲ್ಲಿ ಒಂದು ಕಡೆ ತಿದ್ದಿದ್ದ, ನಾನು ಇಲ್ಲಿ ಒಂದು ಕಡೆ ತಿದ್ದಿದ್ದೆ, ಯಾವುದು ಹೊಸದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಆಮೇಲಿಂದ ಪ್ಯಾಕೇಜ್ ಮಾಡಿ, ಸಂಖ್ಯೆ ಹಾಕಿಯೇ ಕೊಡುತ್ತೇನೆ.

ಮಂಡಿಲೆಕ್ಕ ಫೋಲ್ಡರನ್ನು ಅಂಗಡಿ ಪ್ರಾಜೆಕ್ಟಿನಿಂದ ಹೊರಗೆ ತೆಗೆದು ಬೇರೆ ಫೋಲ್ಡರಿನಲ್ಲಿ ಇಟ್ಟೆ. ಅದರ ಪಕ್ಕ 'ಪೈಪ್ರಾಜೆಕ್ಟ್ ಡಾಟ್ ಟಾಮ್ಲ್' ಅನ್ನುವ ಕಡತ. ಅದರಲ್ಲಿ ಕಟ್ಟುವ ಉಪಕರಣ ಸೆಟಪ್‌ಟೂಲ್ಸ್ ಅಂತ, ಹೆಸರು, ಆವೃತ್ತಿ ಸಂಖ್ಯೆ, ಬೇಕಾದ ಪೈಥಾನ್, ಬೇಕಾದ ಜ್ಯಾಂಗೋ ಅಂತ ಬರೆಯಬೇಕು. ಜ್ಯಾಂಗೋ 5.2 ಅಥವಾ ಮೇಲೆ, 5.3ಕ್ಕಿಂತ ಕೆಳಗೆ ಅಂತ ಕಟ್ಟು ಹಾಕಿದ್ದೇನೆ. 'ಪಿಪ್ ಇನ್‌ಸ್ಟಾಲ್ ಬಿಲ್ಡ್' ಮಾಡಿ, 'ಪೈಥಾನ್ ಹೈಫನ್ ಎಂ ಬಿಲ್ಡ್' ಕೊಟ್ಟರೆ ಡಿಸ್ಟ್ ಫೋಲ್ಡರಿನಲ್ಲಿ ಎರಡು ಕಡತ ಬರುತ್ತವೆ. ಕೊನೆಯಲ್ಲಿ ಡಬ್ಲ್ಯುಎಚ್‌ಎಲ್ ಇರುವುದು ವೀಲ್. ಕೊಂಡೊಯ್ಯಬೇಕಾದದ್ದು ಅದನ್ನೇ. ಬಿಲ್ಡ್ ಮಾಡುವ ಕಡೆ ನೆಟ್ ಬೇಕು, ಮನೆಯಲ್ಲೇ ಮಾಡಿಕೊಳ್ಳಿ.

ವೀಲ್ ಅಂದರೆ ಒಂದು ಜಿಪ್ ಕಡತವೇ. ತೆರೆದು ನೋಡಿ. ನಾನು ನೋಡದೆ ಹೋದೆ. ಚಿಂತಾಮಣಿಯವರೆಗೆ ಬಸ್ಸಿನಲ್ಲಿ ಹೋಗಿ ಹಾಕಿದರೆ, ಅಡ್ಮಿನ್ ಬಂತು, ಚೀಟಿ ಒತ್ತಿದರೆ ಟೆಂಪ್ಲೇಟ್ ಸಿಗುತ್ತಿಲ್ಲ ಅಂದಿತು. ಪೈಥಾನ್ ಕಡತಗಳು ಮಾತ್ರ ಒಳಗೆ ಹೋಗಿದ್ದವು. ಚೀಟಿಯ ಎಚ್‌ಟಿಎಂಎಲ್ ಹೋಗಿರಲಿಲ್ಲ. ಟೆಂಪ್ಲೇಟ್ಸ್, ಸ್ಟ್ಯಾಟಿಕ್ ಫೋಲ್ಡರ್‌ಗಳನ್ನು 'ಮ್ಯಾನಿಫೆಸ್ಟ್ ಡಾಟ್ ಇನ್' ಕಡತದಲ್ಲಿ 'ರಿಕರ್ಸಿವ್ ಇನ್‌ಕ್ಲೂಡ್' ಅಂತ ಹೆಸರಿಸಿ ಹೇಳಬೇಕು. ಮೈಗ್ರೇಷನ್ಸ್ ಫೋಲ್ಡರ್ ಒಳಗಿದೆಯೇ ಅಂತಲೂ ನೋಡಿ.

ಬರೀ ನಮ್ಮ ವೀಲ್ ಒಯ್ದರೆ ಸಾಲದು, ಅದು ನೆಚ್ಚಿಕೊಂಡಿರುವುದೆಲ್ಲ ಬೇಕು. 'ಪಿಪ್ ಡೌನ್‌ಲೋಡ್ ಹೈಫನ್ ಡಿ ಬುತ್ತಿ', ಆಮೇಲೆ ವೀಲ್‌ನ ಹೆಸರು, ಜೊತೆಗೆ ಸೈಕೋಪಿಜಿ, ಮೊದಲಿನಂತೆ ಚೌಕ ಬ್ರಾಕೆಟ್ಟಿನಲ್ಲಿ ಬೈನರಿ. ಬುತ್ತಿ ಅನ್ನುವ ಫೋಲ್ಡರಿಗೆ ಜ್ಯಾಂಗೋ, ಅದಕ್ಕೆ ಬೇಕಾದ ಎಎಸ್‌ಜಿಐರೆಫ್, ಎಸ್‌ಕ್ಯೂಎಲ್‌ಪಾರ್ಸ್ ಎಲ್ಲ ಬಂದು ಸೇರುತ್ತವೆ. ಆದರೆ ನನ್ನದು ಉಬುಂಟು, ತಮ್ಮನದು ವಿಂಡೋಸ್. ಉಬುಂಟುನಲ್ಲಿ ಇಳಿಸಿದ ಸೈಕೋಪಿಜಿಯ ಬೈನರಿ ವಿಂಡೋಸ್‌ಗೆ ಆಗುವುದಿಲ್ಲ. ಪ್ಲಾಟ್‌ಫಾರ್ಮ್ ವಿಂಡೋಸ್ ಅಂತ ಹೇಳಿ ಇಳಿಸಬಹುದು, ಆದರೆ ಆಗಲೂ ಒಂದು ತಪ್ಪುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಬೇಕಾಗುವ ಟಿಜೆಡ್‌ಡೇಟಾ ಅನ್ನುವ ಪ್ಯಾಕೇಜನ್ನು ಉಬುಂಟು ಮೇಲೆ ಕೂತ ಪಿಪ್ ಬೇಡ ಅಂತ ಬಿಟ್ಟುಬಿಡುತ್ತದೆ. ಅದಿಲ್ಲದೆ ಏಷ್ಯಾ ಕೋಲ್ಕತಾ ಸಮಯ ಸಿಗುವುದಿಲ್ಲ. ಸುಲಭ ದಾರಿ ಅಂದರೆ, ಅದೇ ಪೈಥಾನ್ ಆವೃತ್ತಿ ಇರುವ ಇನ್ನೊಂದು ವಿಂಡೋಸ್ ಕಂಪ್ಯೂಟರಿನಲ್ಲೇ ಬುತ್ತಿ ಕಟ್ಟುವುದು. ನಾನು ಮಾವನ ಅಂಗಡಿಯಲ್ಲಿ ಕೂತು ಕಟ್ಟಿದೆ.

ಅಲ್ಲಿ ಹೋಗಿ ಹೊಸ ವೆಂವ್ ಮಾಡಿ, 'ಪಿಪ್ ಇನ್‌ಸ್ಟಾಲ್', ಎರಡು ಹೈಫನ್ 'ನೋ ಇಂಡೆಕ್ಸ್', ಎರಡು ಹೈಫನ್ 'ಫೈಂಡ್ ಲಿಂಕ್ಸ್' ಬುತ್ತಿ, ಮಂಡಿಲೆಕ್ಕ, ಪಕ್ಕದಲ್ಲಿ ಬೈನರಿ ಸಹಿತ ಸೈಕೋಪಿಜಿ. ನೆಟ್ ಇಲ್ಲದೆ ಎಲ್ಲ ಕೂರುತ್ತದೆ. ಅಲ್ಲಿನ ಅಂಗಡಿ ಪ್ರಾಜೆಕ್ಟಿನ ಇನ್‌ಸ್ಟಾಲ್ಡ್ ಆಪ್ಸ್‌ನಲ್ಲಿ ಹೆಸರು ಸೇರಿಸಿ, ಮೈಗ್ರೇಟ್ ಕೊಟ್ಟು, ಸೂಪರ್‌ಯೂಸರ್ ಮಾಡಿ. ಸೀಕ್ರೆಟ್ ಕೀ, ಪಾಸ್‌ವರ್ಡ್ ಎರಡನ್ನೂ ಪ್ಯಾಕೇಜಿನೊಳಗೆ ಇಡಬೇಡಿ, ಆ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯೆಬಲ್‌ನಿಂದ ಓದಿ. ಡಿಬಗ್ ಫಾಲ್ಸ್ ಮಾಡಿ. ಓಡಿಸಲು ಗುನಿಕಾರ್ನ್ ಅನ್ನುವ ಸರ್ವರ್ ವಿಂಡೋಸ್‌ನಲ್ಲಿ ಆಗುವುದಿಲ್ಲ. ವೇಟ್ರೆಸ್ ಹಾಕಿ, ಸ್ಟ್ಯಾಟಿಕ್ ಕಡತಗಳಿಗೆ ವೈಟ್‌ನಾಯ್ಸ್ ಹಾಕಿ. ಇವೆರಡೂ ಬುತ್ತಿಯಲ್ಲಿ ಇರಲಿ.

ಈಗ ಬುತ್ತಿ ಕಟ್ಟಿದ ದಿನವೇ ನೆಟ್ ಆಫ್ ಮಾಡಿ, ಖಾಲಿ ಫೋಲ್ಡರಿನಲ್ಲಿ ಹೊಸ ವೆಂವ್ ಮಾಡಿ ಅದರಿಂದಲೇ ಹಾಕಿ, ಒಂದು ಚೀಟಿ ತೆಗೆದು ನೋಡುತ್ತೇನೆ. ಕಾಲು ಗಂಟೆಯ ಕೆಲಸ.

ಹೊಸ ಆವೃತ್ತಿ ಕಳಿಸಿದಾಗ ತಮ್ಮ ಮಾಡಬೇಕಾದ್ದು ಇಷ್ಟೇ. ಸಂಜೆ ಅಂಗಡಿ ಮುಚ್ಚಿದ ಮೇಲೆ ಮೊದಲು ಪಿಜಿಡಂಪ್ ಓಡಿಸಿ ಬ್ಯಾಕಪ್ ತೆಗೆಯುವುದು, ಅದನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕುವುದು. ಆಮೇಲೆ ಅದೇ ಪಿಪ್ ಇನ್‌ಸ್ಟಾಲ್ ಸಾಲಿಗೆ 'ಅಪ್‌ಗ್ರೇಡ್' ಸೇರಿಸಿ ಕೊಡುವುದು, ಮೈಗ್ರೇಟ್ ಮಾಡುವುದು, ವೇಟ್ರೆಸ್ ನಿಲ್ಲಿಸಿ ಮತ್ತೆ ಓಡಿಸುವುದು. ಕೊನೆಗೆ ಆವತ್ತಿನದೇ ಒಂದು ಚೀಟಿ ಮತ್ತೆ ತೆಗೆದು ಬೆಳಿಗ್ಗೆ ಮುದ್ರಿಸಿದ್ದರ ಪಕ್ಕ ಇಟ್ಟು ನೋಡುವುದು. ಒಂದು ರೂಪಾಯಿ ಆಚೀಚೆ ಇದ್ದರೂ ಎಷ್ಟೇ ಹೊತ್ತಾಗಿರಲಿ ಫೋನ್ ಮಾಡು ಅಂತ ಹೇಳಿದ್ದೇನೆ.